ಬ್ಯಾಟರಿ ಹಚ್ಚಿ ನೋಡ್ರಿ

ಕೊನೆಕೊನೆಗೆ ಆ ಲ್ಯಾಪ್‌ಟಾಪಿನ ಪರದೆ ತೆರೆದ ಕೂಡಲೇ ಗುಲಾಬಿಯಾಗಿ ಹೊತ್ತಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಣ್ಣ ತಿಳಿಯಾಗಿ, ಬಿಳಿ ಇರಬೇಕಾದಲ್ಲಿ ಬಿಳಿ ಬರುತ್ತಿತ್ತು. ಅವ್ವ ಅದನ್ನು ಬೆಳಗು ಎಂದುಕೊಂಡಿದ್ದಳು. ಆಟದೊಳಗೆ ಹೊತ್ತು ಹುಟ್ಟುತ್ತಿದೆ, ಇನ್ನು ವಿಮಾನ ಬಿಡಬಹುದು ಎಂದು. ಪರದೆಯ ಹಿಂದಿನ ದೀಪ ಸಾಯುವ ಮುಂಚೆ ಹೀಗೆ ಕೆಂಪಗಾಗುತ್ತದೆ ಎಂಬುದು ಆಗ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳಿಗೆ ಹೇಳುತ್ತಿದ್ದೆನೋ ಇಲ್ಲವೋ.

ಲ್ಯಾಪ್‌ಟಾಪ್ ನಮ್ಮದಲ್ಲ. ಯರಗಟ್ಟಿಯಲ್ಲಿದ್ದ ದೊಡ್ಡಪ್ಪನ ಮಗನದು. ಬೆಳಗಾವಿಯಲ್ಲಿ ಓದುತ್ತಿದ್ದ ಆ ಅಣ್ಣ ಆಟ ಆಡುವುದಕ್ಕೆಂದೇ ಅದನ್ನು ಯಾರಿಂದಲೋ ಹಳೆಯದು ಕೊಂಡಿದ್ದ. ಎತ್ತಿದರೆ ರುಬ್ಬುಗುಂಡಿನ ಭಾರ. ಬೆನ್ನ ಕಡೆಯಿಂದ ಬಿಸಿಗಾಳಿ. ಪರೀಕ್ಷೆ ಹತ್ತಿರ ಬಂದಾಗ ದೊಡ್ಡವ್ವ ಅದನ್ನು ಒಂದು ದುಪ್ಪಟಿಯಲ್ಲಿ ಸುತ್ತಿ ಬೈಲಹೊಂಗಲಕ್ಕೆ, ನಮ್ಮ ಮನೆಗೆ ತಂದಿಟ್ಟಳು.

"ಪರೀಕ್ಷಾ ಮುಗಿಯೂತನಕ ಇಲ್ಲೇ ಇರ್ಲಿ. ಬಂದು ಕೇಳ್ತಾನ, ಕೊಟ್ಟೀರಿ ಮತ್ತ!"

ಇಪ್ಪತ್ತೊಂದನೇ ಶತಮಾನದ ಮೊದಲ ದಶಕ ಮುಗಿಯುತ್ತಾ ಬಂದಿದ್ದ ದಿನಗಳು. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಫಲಿತಾಂಶಕ್ಕೆ ಕಾಯುತ್ತಾ ಮನೆಯಲ್ಲಿದ್ದೆ. ಅಪ್ಪ ಮುಂಜಾನೆ ಪ್ಯಾಟಿಗೆ ಹೋದರೆ ಸಂಜೆಗೇ ಬರುವುದು. ಒಂದು ಮಧ್ಯಾಹ್ನ ಓದುತ್ತಾ ಹಾಗೇ ಜೊಂಪು ಹತ್ತಿದ್ದಾಗ ಒಳಗಿನ ಕೋಣೆಯಿಂದ ಹಿಟ್ಟಿನ ಗಿರಣಿಯ ಸದ್ದು ಕೇಳಿಸಿತು. ಸದ್ದು ದೂರದ್ದು, ಒಂದೇ ಸಮನಾದದ್ದು. ಎದ್ದು ಹೋಗಿ ನೋಡಿದರೆ ಅವ್ವ ಗೋಡೆಗೆ ಒರಗಿ ಕುಳಿತು, ತೊಡೆಯ ಮೇಲೆ ತಲೆದಿಂಬು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವಿಮಾನ ಹಾರಿಸುತ್ತಿದ್ದಳು.

ದೀಪಾವಳಿಯಲ್ಲಿ ಅಣ್ಣ ತಮಾಷೆಗೆಂದು ಅವಳಿಗೆ ಅದನ್ನು ತೋರಿಸಿದ್ದ. "ಕುಂದರ್ರಿ ಚಿಗವ್ವ, ಟಿಕೀಟ ಇಲ್ಲದ ಕರ್ಕೊಂಡ ಹೋಗ್ತೇನಿ." ಎಲ್ಲರೂ ನಕ್ಕಿದ್ದರು. ಅವ್ವ ನಗುತ್ತಲೇ ಯಾವ ಗುಂಡಿ ಒತ್ತಿದರೆ ಮೂತಿ ಮೇಲಕ್ಕೆ ಏಳುತ್ತದೆ, ಯಾವುದು ಒತ್ತಿದರೆ ಗಾಳಿಯಲ್ಲಿ ಇದ್ದಲ್ಲೇ ನಿಲ್ಲುತ್ತದೆ ಎಂದು ನೋಡಿಕೊಂಡಿದ್ದಳು.

ನಾನು ಮರುದಿನದಿಂದ ಅವಳ ಪಕ್ಕ ಕುಳಿತುಕೊಳ್ಳತೊಡಗಿದೆ. ಸಣ್ಣ ವಿಮಾನ ಬೆಳಗಾವಿಯ ವಿಮಾನಪಟ್ಟಿಯಿಂದ ಎದ್ದು ಪೂರ್ವಕ್ಕೆ ಹೊರಡುತ್ತಿತ್ತು. ಕೆಳಗೆ ಕಂದು ಮತ್ತು ಹಸಿರು ಚೌಕಗಳು. ಆಟ ಮಾಡಿದವರಿಗೆ ನಮ್ಮ ಸೀಮೆಯ ಪರಿಚಯವಿರಲಿಲ್ಲ. ಎಲ್ಲ ಕಡೆಗೂ ಅವೇ ಹೊಲಗಳನ್ನು ಹಾಸಿದ್ದರು. ಊರುಗಳಿರಲಿಲ್ಲ. ಸವದತ್ತಿಯ ಜಲಾಶಯ ಮಾತ್ರ ನೀಲಿ ಕಲೆಯಾಗಿ ಕಾಣುತ್ತಿತ್ತು. ನೀರು ಕಂಡೊಡನೆ ಅವ್ವ ಎಲ್ಲಮ್ಮನ ಗುಡ್ಡ ಇಲ್ಲೇ ಎಲ್ಲೋ ಎಂದು ಎರಡೂ ಕೈ ಎತ್ತಿ ಮುಗಿಯುತ್ತಿದ್ದಳು. ಕೈ ಬಿಟ್ಟ ವಿಮಾನ ವಾಲುತ್ತಿತ್ತು.

"ಅವ್ವಾ, ಒಂದ ಕೈಲೆ ಮುಗಿ."

"ಒಂದ ಕೈಲೆ ಯಾರರ ದೇವರಿಗೆ ಮುಗೀತಾರೇನ? ಸಲಾಮ ಹೊಡದಂಗ."

ನೀರಿನ ಮೇಲೆ ಒಂದು ಸುತ್ತು ಹಾಕಿ ವಾಪಸು ತಿರುಗಿದಾಗ ಅವಳು ಪರದೆಗೆ ಬಗ್ಗಿ ಕೆಳಗೆ ನೋಡುತ್ತಿದ್ದಳು. ನೀರಿಗೂ ಬೈಲಹೊಂಗಲಕ್ಕೂ ನಡುವೆ ಅವಳ ತವರು ಚಚಡಿ. ಅಲ್ಲಿಯ ಕೋಟೆಯಂಥ ಹಳೆಯ ವಾಡೆಯ ಮೇಲೆ ಹತ್ತಿದರೆ ಊರೆಲ್ಲ ಕಾಣುತ್ತದೆ ಎಂದು ಸಣ್ಣವಳಿದ್ದಾಗ ಕೇಳಿದ್ದಳಂತೆ. ಹತ್ತುವ ಪ್ರಸಂಗ ಬರಲೇ ಇಲ್ಲ. ಮದುವೆಯಾಗಿ ಈ ಮನೆಗೆ ಬಂದಳು. ಈಗ ಆ ಚೌಕಗಳಲ್ಲಿ ಒಂದನ್ನು ಆರಿಸಿ, ಅದರ ಮೇಲೆ ನಿಧಾನವಾಗಿ ಹೋಗುತ್ತಿದ್ದಳು. ಪ್ರತಿ ಸಲವೂ ಅದೇ ಚೌಕವೋ, ಬೇರೆಯೋ, ನನಗೆ ತಿಳಿಯಲಿಲ್ಲ. ಅವಳಿಗೆ ತಿಳಿಯುತ್ತಿತ್ತು ಎಂದೇ ಕಾಣುತ್ತದೆ.

ಅವಳಿಗೆ ಬಾರದಿದ್ದದ್ದು ಒಂದೇ: ಇಳಿಸುವುದು. ಬೆಳಗಾವಿಯ ಪಟ್ಟಿ ಮುಟ್ಟುವ ಮುಂಚೆ ಮೂತಿ ನೆಲಕ್ಕೆ ಬಡಿದು, ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡುತ್ತಿತ್ತು.

"ಏನಂತ ಬರದದ?"

"ಬಿದ್ದದ ಅಂತ."

"ಅದು ನನಗೂ ಗೊತ್ತದ," ಎಂದು ಮುಚ್ಚಳ ಮುಚ್ಚುತ್ತಿದ್ದಳು. ಆಮೇಲೆ ಚಹಾಕ್ಕಿಡುವಾಗ, ತನ್ನಷ್ಟಕ್ಕೆ: "ಹಾರಿಸಿದ್ದು ಇಳಸಾಕ ಬರಬೇಕು. ಮ್ಯಾಲ ಒಯ್ದು ಕೈ ಬಿಡೂದಂದ್ರ ಅದೆಂಥಾದ್ದು?"

ಅಣ್ಣನ ಪರೀಕ್ಷೆ ಮುಗಿಯಿತು. ಲ್ಯಾಪ್‌ಟಾಪ್ ಒಯ್ಯಲು ಸಂಜೆಯ ಬಸ್ಸಿಗೆ ಬರುತ್ತೇನೆಂದು ಫೋನ್ ಮಾಡಿದ. ಆ ಮಧ್ಯಾಹ್ನ ಅವ್ವ ಊಟದ ತಾಟುಗಳನ್ನೂ ತೊಳೆಯದೆ ಒಳಗೆ ಹೋದಳು. ಇವತ್ತು ಇಳಿಸದಿದ್ದರೆ ಮತ್ತೆಂದೂ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ನಾನು ಪಡಸಾಲೆಯಲ್ಲಿದ್ದೆ. ಗಿರಣಿಯ ಸದ್ದು ಬಹಳ ಹೊತ್ತು ಸಮನಾಗಿ ಕೇಳಿಸಿ, ಫಕ್ಕನೆ ನಿಂತಿತು.

"ಏ ತಂಗಿ, ಬಾ ಇಲ್ಲೆ! ಕತ್ತಲಾತು." ಮಗಳಾದ ನನ್ನನ್ನು ಅವ್ವ ಕರೆಯುವುದೇ ತಂಗಿ ಎಂದು.

ಪರದೆ ಪೂರಾ ಕಪ್ಪಾಗಿತ್ತು. ಅವ್ವನ ಬೆರಳು ನಿಲ್ಲಿಸುವ ಗುಂಡಿಯ ಮೇಲೆಯೇ ಇತ್ತು. ನೀರಿನ ಮೇಲಿಂದ ತಿರುಗಿ ಬರುವಾಗ ಒಮ್ಮೆ ಗುಲಾಬಿ ಮಿಂಚಿ ಆರಿತಂತೆ. ಕೂಡಲೇ ವಿಮಾನವನ್ನು ನಿಲ್ಲಿಸಿದ್ದಳು. ನಾನು ಸ್ವಿಚ್ಚಿನ ಕಡೆ ಕೈ ಚಾಚಿದೆ. ಒಮ್ಮೆ ಬಂದ್ ಮಾಡಿ ಮತ್ತೆ ಹಚ್ಚುವುದೇ ಎಲ್ಲರೂ ಮೊದಲು ಮಾಡುವ ಕೆಲಸ. ಅವ್ವ ನನ್ನ ಮಣಿಕಟ್ಟು ಹಿಡಿದಳು.

"ಬಂದ್ ಮಾಡಬ್ಯಾಡ. ಮ್ಯಾಲ ಐತಿ ಅದು."

ಅವಳ ಮುಖ ನೋಡಿ ನಾನು ಕೈ ಹಿಂದೆ ತೆಗೆದುಕೊಂಡೆ. ಹಾಗಾಗಿ ಆರಿಸದೆಯೇ ರೋಗ ಹುಡುಕಬೇಕಾಯಿತು. ಲ್ಯಾಪ್‌ಟಾಪಿನ ಒಳಗಿನ ಫ್ಯಾನು ತಿರುಗುತ್ತಿತ್ತು. ದೊಡ್ಡಕ್ಷರದ ಗುಂಡಿ ಒತ್ತಿದರೆ ಅದರ ಸಣ್ಣ ಹಸಿರು ದೀಪ ಹೊತ್ತಿ ಆರುತ್ತಿತ್ತು, ಅಂದರೆ ಯಂತ್ರಕ್ಕೆ ಎಚ್ಚರವಿದೆ. ಅವ್ವನಿಗೆ ನಿಲ್ಲಿಸಿದ ಗುಂಡಿಯನ್ನು ಒಮ್ಮೆ ಒತ್ತಲು ಹೇಳಿದೆ: ವಿಮಾನದ ಸದ್ದು ಬಂತು. ಮತ್ತೆ ಒತ್ತಿದಳು: ನಿಂತಿತು. ಒಳಗೆ ಎಲ್ಲವೂ ನಡೆದಿದೆ, ನಮಗೆ ಕಾಣುವುದಿಲ್ಲ ಅಷ್ಟೇ. ಬೆಳಕು ಹೆಚ್ಚಿಸುವ ಗುಂಡಿ ಒತ್ತಿದೆ. ಮುಚ್ಚಳವನ್ನು ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಸ್ವಲ್ಪವೇ ವಾಲಿಸಿದೆ, ಕೀಲಿನ ಹತ್ತಿರ ತಂತಿ ಸಡಿಲಾಗಿದ್ದರೆ ಮಿಣುಕೀತು ಎಂದು. ಏನೂ ಮಿಣುಕಲಿಲ್ಲ.

ಬಜಾರದಲ್ಲಿ ಕಂಪ್ಯೂಟರ್ ರಿಪೇರಿಯ ಒಂದು ಅಂಗಡಿ ಇತ್ತು. ಪಡಸಾಲೆಯಿಂದ ಫೋನ್ ಮಾಡಿದೆ. ಅಂಗಡಿಯಾತ ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, "ಅದಕ್ಕ ಟಿವಿ ಹಚ್ಚಿ ನೋಡ್ರಿ, ಟಿವ್ಯಾಗ ಚಿತ್ರ ಬಂದ್ರ ಬರೇ ಪರದಾದ್ದ ದೋಷ" ಎಂದ. ನಾನು ತಂತಿಯ ಬಗ್ಗೆ ಕೇಳುವಷ್ಟರಲ್ಲಿ ತಲೆಯ ಮೇಲಿನ ಫ್ಯಾನು ನಿಧಾನವಾಯಿತು.

"ಕರೆಂಟ್ ಹೋತ್ರಿ."

"ಇಲ್ಲೂ ಹೋತು. ಹೋಗ್ಲಿ ಬಿಡ್ರಿ. ಬ್ಯಾಟರಿ ಹಚ್ಚಿ ನೋಡ್ರಿ."

"ಬ್ಯಾಟರಿ ಹಚ್ಚೇ ಐತ್ರಿ."

"ಹಚ್ಚೀರಿ? ಚಲೋ ಆತು. ಒಳಗ ಏನರ ಮಸಕ ಮಸಕ ಕಾಣ್ತದೇನ್ರಿ?"

"ಏನೂ ಇಲ್ರಿ. ಕಪ್ಪ."

"ಹಂಗಾರ ಚಿತ್ರ ಮೂಡಸೂ ಕಾರ್ಡ್ ಹೋಗೇತ್ರಿ. ಬಂದ್ ಮಾಡಿ ತಗೊಂಡ ಬರ್ರಿ."

ಫೋನ್ ಇಟ್ಟೆ. ಒಳಗೆ ಹೋದರೆ ಲ್ಯಾಪ್‌ಟಾಪಿನ ಚಾರ್ಜು ತೋರಿಸುವ ಹಸಿರು ದೀಪ ಕಿತ್ತಳೆಗೆ ತಿರುಗಿತ್ತು. ಅದರ ಬ್ಯಾಟರಿ ಹಳೆಯದು, ಕರೆಂಟು ಬರುವವರೆಗೆ ತಡೆಯುವಂಥದ್ದಲ್ಲ. ಅವ್ವ ಹಾಗೆಯೇ ಕುಳಿತಿದ್ದಳು, ತೊಡೆಯ ಮೇಲೆ ಕಪ್ಪು ಪರದೆ.

"ಏನಂದಾ?"

"ಬ್ಯಾಟರಿ ಹಚ್ಚಿ ನೋಡ್ರಿ ಅಂದಾ. ಕಾಣಲಿಲ್ಲಂದ್ರ ಬಂದ್ ಮಾಡ್ಬೇಕಂತ."

"ಮತ್ತ ಹೇಳಬಾರದೇನ?" ಎಂದಳು. ಲ್ಯಾಪ್‌ಟಾಪನ್ನು ದಿಂಬಿನ ಸಮೇತ ನನ್ನ ತೊಡೆಗೆ ದಾಟಿಸಿ ಎದ್ದು ಹೋದಳು. ಅಪ್ಪ ಹೊಲಕ್ಕೆ ನೀರು ಬಿಡಲು ಹೋಗುವಾಗ ಒಯ್ಯುವ ಉದ್ದನೆಯ ಸ್ಟೀಲಿನ ಟಾರ್ಚನ್ನು ಬಾಗಿಲ ಪಕ್ಕದ ಗೋಡೆಯಲ್ಲಿನ ಮಾಡದಿಂದ ತಂದು, ಗುಂಡಿ ಮುಂದಕ್ಕೆ ನೂಕಿ ಹಚ್ಚಿದಳು.

"ತಗೋ, ಬ್ಯಾಟರಿ ಹಚ್ಚೇನಿ. ಎಲ್ಲಿ ನೋಡಬೇಕಂತ?"

ನಮ್ಮ ಮನೆಯಲ್ಲಿ, ನಮ್ಮ ಓಣಿಯಲ್ಲಿ, ಟಾರ್ಚಿಗೆ ಬ್ಯಾಟರಿ ಎನ್ನದೆ ಬೇರೇನಾದರೂ ಅಂದದ್ದನ್ನು ನಾನು ಕೇಳಿರಲಿಲ್ಲ. ಹಚ್ಚುವುದೆಂದರೆ ಜೋಡಿಸುವುದೂ ಹೌದು, ಬೆಳಗಿಸುವುದೂ ಹೌದು. ಎರಡು ವರ್ಷ ಧಾರವಾಡದಲ್ಲಿದ್ದು ಬಂದವಳಿಗೆ ಆ ಮಾತು ಕಿವಿಯ ಹತ್ತಿರ ಬಂದು ಬೇರೆ ದಾರಿ ಹಿಡಿದಿತ್ತು. ನಗಲು ಪುರಸತ್ತಿರಲಿಲ್ಲ.

ಟಾರ್ಚಿನ ಬೆಳಕಲ್ಲಿ ಮೊದಲು ಕಂಡದ್ದು ನಮ್ಮಿಬ್ಬರ ಮುಖ. ಕಿಟಕಿಯಿಂದ ಬಿಸಿಲು ಬರುತ್ತಿತ್ತು, ಪರದೆ ಕನ್ನಡಿಯಾಗಿತ್ತು. ಕಿಟಕಿಗೆ ಬಾಗಿಲಿರಲಿಲ್ಲ, ಸರಳು ಮಾತ್ರ. ಅವ್ವ ಸುತ್ತ ನೋಡಿದಳು. ಆಮೇಲೆ ಇಳಕಲ್ ಸೀರೆಯ ಕೆಂಪು ಸೆರಗನ್ನು ಹೆಗಲಿಂದ ಬಿಡಿಸಿ, ತನ್ನ ತಲೆಯ ಮೇಲಿಂದ ನನ್ನ ತಲೆಯ ಮೇಲೆ, ಅಲ್ಲಿಂದ ಮುಚ್ಚಳದ ಆಚೆಗೆ ಇಳಿಬಿಟ್ಟಳು.

ಹಿಂದೆ ಯಾವಾಗ ಆ ಸೆರಗಿನ ಒಳಗಿದ್ದೆನೋ ನೆನಪಿಲ್ಲ. ಒಗ್ಗರಣೆಯ ವಾಸನೆ, ಟ್ರಂಕಿನ ವಾಸನೆ. ಬಿಸಿಲು ನೂಲುಗಳ ನಡುವಿನಿಂದ ಜಿನುಗಿ ಎಲ್ಲವೂ ಗುಲಾಬಿಯಾಗಿತ್ತು.

"ಬೆಳಗಾತು," ಎಂದಳು ಅವ್ವ.

ಟಾರ್ಚನ್ನು ಓರೆಯಾಗಿ ಹಿಡಿದೆ. ಕಪ್ಪಿನೊಳಗೆ, ಒಂದು ರೊಟ್ಟಿಯಗಲದ ಮಬ್ಬು ಬೆಳಕಿನಲ್ಲಿ, ಹೊಲಗಳು ಕಂಡವು. ನೀರಿನ ತಳದಲ್ಲಿರುವಂತೆ ಮಸಕು, ಆದರೆ ಇದ್ದವು. ವಿಮಾನದ ರೆಕ್ಕೆಯ ತುದಿಯೂ ಇತ್ತು. ಅದು ಬಿಟ್ಟಲ್ಲೇ ನಿಂತಿತ್ತು. ಚಿತ್ರ ಬೇರೆ, ಅದನ್ನು ಬೆಳಗುವ ದೀಪ ಬೇರೆ ಎಂದು ನಾನು ಹಿಂದಿನ ವರ್ಷದ ಪರೀಕ್ಷೆಯಲ್ಲಿ ಬರೆದಿದ್ದೆ, ಅಂಕವೂ ಬಂದಿತ್ತು. ಕಣ್ಣಿಗೆ ಬಿದ್ದದ್ದು ಆಗಲೇ.

"ಮುಂದ ಹಿಡಿ," ಅವ್ವ ಪಿಸುಗುಟ್ಟಿದಳು. ಗುಂಡಿ ಒತ್ತಿದಳು. ಸದ್ದು ಬಂತು, ಹೊಲಗಳು ಸರಿಯತೊಡಗಿದವು.

"ಈಗ ಗಡಿಯಾರದ ಮ್ಯಾಲ." ಎತ್ತರ ತೋರಿಸುವ ಮುಳ್ಳಿಗೆ ಅವಳ ಹೆಸರು ಅದು. ಬೆಳಕನ್ನು ಕೆಳಗೆ ತಂದೆ. "ಮುಂದ." ಮೇಲೆ ಒಯ್ದೆ. ಅವಳು ಹಾರಿಸುತ್ತಿದ್ದಳು, ಅವಳು ನೋಡಬೇಕಾದದ್ದನ್ನಷ್ಟೇ ನಾನು ಬೆಳಗುತ್ತಿದ್ದೆ. ಉಸಿರು ಬಿಟ್ಟರೆ ಸೆರಗು ಅಲುಗುತ್ತಿತ್ತು.

ಲ್ಯಾಪ್‌ಟಾಪ್ ಒಂದು ಸಲ ಟುಂಯ್ ಎಂದಿತು. ಬ್ಯಾಟರಿ ಮುಗಿಯುತ್ತಿದೆ ಎಂಬ ಎಚ್ಚರಿಕೆ.

"ಬೆಳಗಾವಿ ಮುಟ್ಟೂದಿಲ್ಲವ್ವಾ."

"ಬೆಳಗಾವಿ ಯಾಕ ಬೇಕು? ಇಲ್ಲೇ ಇಳಸ್ತೇನಿ."

"ಇಲ್ಲಿ ಪಟ್ಟಿ ಎಲ್ಲೈತಿ?"

"ಹೊಲ ಅದಾವಲ್ಲ. ಎರಿ ಹೊಲ, ಮೆತ್ತಗಿರ್ತಾವು. ಬಿದ್ದರೂ ಬಡಿಯೂದಿಲ್ಲ. ನಮ್ಮೂರಾಗ ನನಗ್ಯಾರ ಕೇಳ್ತಾರ?"

ಅವಳು ಆರಿಸಿದ ಚೌಕ ಬಲಕ್ಕಿತ್ತು. ಸದ್ದನ್ನು ಇಳಿಸುತ್ತಾ ಬಂದಳು, ರೊಟ್ಟಿ ಬೇಯುವಾಗ ಒಲೆಯ ಉರಿ ಹಿಂದಕ್ಕೆ ಎಳೆಯುವ ಹಾಗೆ. ಹೊಲ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಬೆಳಕಿನ ವೃತ್ತದಲ್ಲಿ ಹಿಡಿಸದಷ್ಟು. "ಗಡಿಯಾರ ಬ್ಯಾಡ. ಮುಂದ ಹಿಡಿ. ಅಲುಗಾಡಸಬ್ಯಾಡ." ಮೂತಿಯನ್ನು ಸ್ವಲ್ಪ ಎತ್ತಿದಳು. ಧಡ್ ಎಂದಿತು. ನಾನು ಆ ಇಂಗ್ಲಿಷ್ ಸಾಲಿಗಾಗಿ ಕಾದೆ. ಬರಲಿಲ್ಲ. ಗಡಗಡ ಎನ್ನುತ್ತಾ ಉರುಳಿ, ನಿಧಾನವಾಗಿ, ವಿಮಾನ ಹೊಲದ ನಡುವೆ ನಿಂತಿತು.

ಇಬ್ಬರೂ ಅಲುಗಲಿಲ್ಲ. ಎಂಜಿನ್ ಸಣ್ಣಗೆ ಗುರುಗುಡುತ್ತಿತ್ತು.

"ಸುತ್ತ ಹಿಡಿ ಒಂದ ಸಲ."

ಟಾರ್ಚನ್ನು ಪರದೆಯ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ದೆ. ಬಯಲು, ಆಕಾಶ, ಒಂದೂ ಮನೆಯಿಲ್ಲ. ಅವ್ವ ಬೆಳಕಿನ ಹಿಂದೆಯೇ ಕಣ್ಣು ಹಾಯಿಸಿದಳು, ಬಹಳ ದಿನಕ್ಕೆ ಊರಿಗೆ ಬಂದವರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡುವ ಹಾಗೆ. ಸದ್ದು ಒಮ್ಮೆಲೇ ನಿಂತಿತು, ಲ್ಯಾಪ್‌ಟಾಪಿನ ಫ್ಯಾನೂ ನಿಂತಿತು. ಕಿತ್ತಳೆ ದೀಪ ಆರಿತ್ತು.

"ಆತು, ಇಳೀತು," ಎಂದು ಸೆರಗು ತೆಗೆದಳು. ಬಿಸಿಲು ಬಿಳಿಯಾಗಿತ್ತು.

ಸಂಜೆ ಅಣ್ಣ ಬಂದ. ಕರೆಂಟೂ ಬಂದಿತ್ತು. ಚಹಾ ಕುಡಿಯುತ್ತಲೇ ಲ್ಯಾಪ್‌ಟಾಪ್ ತೆರೆದು ಚಾಲೂ ಮಾಡಿದ, ಮುಖ ಬಾಡಿತು.

"ಏನಿದು, ಪರದಾ ಬರವಲ್ತು! ಯಾರರ ಹಚ್ಚಿದ್ರೇನ ಇದನ್ನ?"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಅವನ ತಾಟಿಗೆ ಇನ್ನಷ್ಟು ಚುರುಮುರಿ ಸುರಿಯುತ್ತಾ, ತಲೆ ಎತ್ತದೆ ಹೇಳಿದಳು:

"ಬ್ಯಾಟರಿ ಹಚ್ಚಿ ನೋಡಪಾ."

"ಬ್ಯಾಟರಿ ಅದರಾಗ ಐತೆಲ್ಲ ಚಿಗವ್ವ! ನಿಮಗ ಇದೆಲ್ಲಾ ತಿಳಿಯೂದಿಲ್ಲ ಬಿಡ್ರಿ," ಎಂದು ಅವನು ಅದನ್ನು ಬೋರಲು ಹಾಕಿ ಬ್ಯಾಟರಿಯನ್ನು ಬಿಚ್ಚಿ ಊದತೊಡಗಿದ.

ಅವ್ವ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಮಾಡದಿಂದ ಟಾರ್ಚ್ ತರಲು ನಾನು ಎದ್ದೆ.