ಪಂಚೆ ಹೊದ್ದ ಕುದುರೆ

ನಮ್ಮನೆಯವರು ತೀರಿಕೊಂಡು ವರ್ಷ ತುಂಬುವ ಮುಂಚೆಯೇ ಕುದುರೆಗೆ ತುರಿಕೆ ಶುರುವಾಯಿತು. ಮನೆಗೆ ಬಂದವರು ಮೊದಲು ನನ್ನ ಮುಖ ನೋಡುತ್ತಿದ್ದರು, ಅತ್ತಿದ್ದಾಳೋ ಇಲ್ಲವೋ ಎಂದು. ಆಮೇಲೆ ಕುದುರೆಯ ಕುತ್ತಿಗೆ ನೋಡುತ್ತಿದ್ದರು. ಎರಡರಿಂದಲೂ ಅವರಿಗೆ ಸಮಾಧಾನವಾಗುತ್ತಿರಲಿಲ್ಲ. ನಾನು ಅತ್ತಿರಲಿಲ್ಲ. ಅಳಬಾರದು ಎಂಬ ಹಟವೇನೂ ಇರಲಿಲ್ಲ, ಬರಲಿಲ್ಲ ಅಷ್ಟೆ. ಮೆಕ್ಕೆಜೋಳದ ರಾಶಿಯ ಹತ್ತಿರ ಎದೆ ಹಿಡಿದುಕೊಂಡು ಕೂತ ಅಣ್ಣ ಮತ್ತೆ ಏಳಲಿಲ್ಲ ಎಂದು ಮೈದುನ ಓಡಿಬಂದು ಹೇಳಿದಾಗ ನಾನು ಒಲೆಯ ಮೇಲಿನ ಹಾಲು ಇಳಿಸಿ, ತಟ್ಟೆ ಮುಚ್ಚಿ, ಆಮೇಲೆ ಹೊರಗೆ ಬಂದಿದ್ದೆ. ಅಂದಿನಿಂದ ಹಾಗೆಯೇ ಇದ್ದೆ.

ಅದು ಮದುವೆ ಕುದುರೆ. ನಮ್ಮ ಮನೆ ಇರುವುದು ಶಿಕಾರಿಪುರದ ಅಂಚಿನಲ್ಲಿ, ಕೆರೆಗೆ ಹತ್ತಿರ. ಹೊಲದ ಕೆಲಸದ ಜೊತೆಗೆ ಇವರು ಒಂದು ಬಿಳಿ ಹೆಣ್ಣುಕುದುರೆ ಸಾಕಿಕೊಂಡಿದ್ದರು. ಮದುಮಗನ ಮೆರವಣಿಗೆ ಎಂದರೆ ಅದನ್ನು ಸಿಂಗರಿಸಿ ತಾಳಗುಂದ, ಸೊರಬದ ತನಕ ಒಯ್ಯುತ್ತಿದ್ದರು. ಇವರು ಹೋದ ಮೇಲೆ ಹಗ್ಗ ಮೈದುನನ ಕೈಗೆ ಬಂತು, ಮೇವು ನೀರು ನನ್ನ ಪಾಲಿಗೆ ಬಂತು. ಗಂಡ ಸತ್ತವಳು ಮೆರವಣಿಗೆಯ ಮುಂದೆ ನಿಲ್ಲುವಂತಿಲ್ಲ. ಕೊಟ್ಟಿಗೆಯಲ್ಲಿ ಲದ್ದಿ ಬಾಚಬಹುದು, ಅದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ.

ಮಳೆ ಹಿಡಿದ ಮೇಲೆ ಸಂಜೆಯಾದರೆ ಸಾಕು, ಕುದುರೆ ಕಂಬಕ್ಕೆ ಕುತ್ತಿಗೆ ತಿಕ್ಕುತ್ತಿತ್ತು, ಗೋಡೆಗೆ ಬಾಲದ ಬುಡ ಒರೆಸುತ್ತಿತ್ತು. ಕೂದಲು ಉದುರಿ, ಚರ್ಮ ಕೆಂಪಾಗಿ, ಅಲ್ಲಲ್ಲಿ ರಕ್ತ ಜಿನುಗತೊಡಗಿತು. ಹುರುಳಿ ಉಷ್ಣ ಎಂದು ಅತ್ತೆ ಹುರುಳಿ ನಿಲ್ಲಿಸಿದರು. ತುರಿಕೆ ನಿಲ್ಲಲಿಲ್ಲ, ಪಕ್ಕೆಲುಬು ಮಾತ್ರ ಕಾಣಿಸಿಕೊಂಡವು. ಆಮೇಲೆ ದೃಷ್ಟಿ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿದೆವು. ಮೈದುನನದು ಇನ್ನೊಂದು ಬಗೆ. ಫೋಟೊದಲ್ಲಿ ಬೆಳ್ಳಗೆ ಹೊಳೆಯಬೇಕು ಎಂದು ಪ್ರತಿ ಮೆರವಣಿಗೆಗೂ ಮುಂಚೆ ಅವನು ಕುದುರೆಯನ್ನು ಬಟ್ಟೆ ಒಗೆಯುವ ಪುಡಿ ಹಾಕಿ ತಿಕ್ಕಿ, ಕೊನೆಗೆ ಅಂಗಿಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ ಸುರಿಯುತ್ತಿದ್ದ. ತುರಿಕೆ ಹೆಚ್ಚಾದಷ್ಟೂ ಇವನ ತಿಕ್ಕಾಟವೂ ಹೆಚ್ಚಾಯಿತು.

ಒಂದು ದಿನ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. "ಕಾರ್ತೀಕ ಕಳೀತಿದ್ದಂಗೆ ಮತ್ತೆ ಮದುವೆ ಶುರು ಆಗ್ತಾವೆ ಅತ್ತಿಗೆ. ಅಷ್ಟ್ರೊಳಗೆ ಮೈ ಮಾಯ್ಲಿಲ್ಲ ಅಂದ್ರೆ ಕೊಟ್ಟುಬಿಡಾಣ. ಹುಣ್ಣಿನ ಕುದುರೆ ಮ್ಯಾಲೆ ಯಾರು ಮಗನ್ನ ಕೂರಿಸ್ತಾರೆ? ಹಾವೇರಿ ಕಡೆಯೋನು ಒಬ್ಬ ಕೇಳ್ಯಾನೆ."

"ಹೂಂ" ಎಂದೆ, ಸಾರು ಬಡಿಸಿದೆ. ನನಗೆ ಏನೂ ಅನ್ನಿಸಲಿಲ್ಲ. ಆದರೂ ಮರುದಿನ ಬೆಳಿಗ್ಗೆ ದನದ ದವಾಖಾನೆಗೆ ಹೋದವಳು ನಾನೇ.

ಡಾಕ್ಟರು ಮನೆಗೇ ಬಂದು, ಕೊಟ್ಟಿಗೆಯ ಹಿಂದಿನ ತಿಪ್ಪೆಯನ್ನೂ ಆಚೆಗಿನ ಕೆರೆಯನ್ನೂ ನೋಡಿದರು. "ಇದು ಕಜ್ಜಿ ಅಲ್ಲಮ್ಮ, ಅಲರ್ಜಿ. ಸಣ್ಣ ನುಸಿ ಇರ್ತವಲ್ಲ, ಹೊತ್ತು ಮುಳುಗೋವಾಗ ಕಚ್ತವೆ. ಬೇರೆ ಕುದುರೆ ತಡ್ಕೊಳ್ತವೆ, ಇದರ ಮೈಗೆ ಅದು ಆಗಿಬರಲ್ಲ. ಇಂಜೆಕ್ಷನ್ ಕೊಡ್ತೀನಿ, ಆದ್ರೆ ಪದೇ ಪದೇ ಕೊಡೋ ಹಾಗಿಲ್ಲ. ಸೋಪಿನ ಪುಡಿ, ನೀಲಿ ಎಲ್ಲ ಬಿಡಿ. ಸಂಜೆ ಒಳಗೆ ಕಟ್ಟಿ ಫ್ಯಾನ್ ಹಾಕಿ. ಮೈತುಂಬ ತೆಳು ಬಟ್ಟೆ ಹೊದಿಸಿ. ಪೂರ್ತಿ ವಾಸಿ ಅಂತ ಆಗಲ್ಲ, ನೋಡ್ಕೊಂಡು ಹೋಗ್ಬೇಕು ಅಷ್ಟೆ."

ಆ ಕೊನೆಯ ಮಾತು ನನಗೆ ಹಿಡಿಸಿತು. ಅಷ್ಟು ದಿನ ಬಂದವರೆಲ್ಲ ಎಲ್ಲ ಸರಿಹೋಗುತ್ತದೆ ಎಂದೇ ಹೇಳಿ ಕಾಫಿ ಕುಡಿದು ಹೋಗಿದ್ದರು.

ತಿಪ್ಪೆಯನ್ನು ದೂರಕ್ಕೆ ಸಾಗಿಸಿದೆವು. ಹುರುಳಿ ಮತ್ತೆ ಶುರುವಾಯಿತು. ಬಟ್ಟೆಯದೇ ತೊಂದರೆ. ಗೋಣಿ ಹೊದಿಸಿದರೆ ಗಾಯಕ್ಕೆ ಉಜ್ಜುತ್ತಿತ್ತು, ಮೆರವಣಿಗೆಯ ಮಖಮಲ್ಲು ಹೊದಿಸಿದರೆ ಬೆವರಿ ಇನ್ನೂ ತುರಿಸುತ್ತಿತ್ತು. ತೆಳುವಾಗಿ, ಒಗೆದು ಒಗೆದು ಮೆತ್ತಗಾಗಿ, ಉದ್ದಕ್ಕಿರುವ ಬಟ್ಟೆ ಮನೆಯಲ್ಲಿ ಒಂದೇ ಬಗೆಯದಿತ್ತು. ಟ್ರಂಕು ತೆಗೆದು ಇವರ ಪಂಚೆಗಳನ್ನೆಲ್ಲ ಹೊರಗೆ ಹಾಕಿದೆ. ಒಂದೇ ಸಮನೆ ಕತ್ತರಿ ಆಡಿಸಿದೆ. ಹೊಲಿಗೆ ಮಷಿನ್ನಿನ ಮುಂದೆ ಕೂತು, ಕುತ್ತಿಗೆಯಿಂದ ಬಾಲದವರೆಗೆ ಬರುವಂತೆ ಜೋಡಿಸಿ, ಹೊಟ್ಟೆಯ ಕೆಳಗೆ ಕಟ್ಟಲು ಲಾಡಿ ಇಟ್ಟು ಹೊಲಿದೆ.

ಅತ್ತೆ ನೋಡಿದ್ದು ಹೊದಿಸಿದ ಮೇಲೆ. "ಸತ್ತೋನ ಬಟ್ಟೆ ಮದುವೆ ಕುದುರೆ ಮೈಮ್ಯಾಲೇನೇ! ಯಾರ ಕೈಯಾಗಾದ್ರೂ ಕೊಟ್ಟುಬಿಡು ಅಂತ ಅವತ್ತೇ ಹೇಳಿದ್ನಲ್ಲ. ಜನಕ್ಕೆ ಗೊತ್ತಾದ್ರೆ ಯಾರು ಬಾಗಿಲಿಗೆ ಬರ್ತಾರೆ?" ಎಂದು ಅಂಗಳದಲ್ಲೇ ಕೂಗಾಡಿದರು.

"ಕೊಟ್ಟೆನಲ್ಲ ಅತ್ತೆ" ಎಂದೆ.

ಅವರು ನನ್ನೊಡನೆ ಮಾತು ಬಿಟ್ಟರು. ಕುದುರೆ ಮಾತ್ರ ತಲೆ ತಿರುಗಿಸಿ, ಮೈಮೇಲಿನ ಬಟ್ಟೆಗೆ ಮೂಗು ಹಚ್ಚಿ ಬಹಳ ಹೊತ್ತು ಮೂಸಿತು.

ಇವರಿದ್ದಾಗ ದಿನಾ ಸಂಜೆ ಒಂದು ಆಟ ನಡೆಯುತ್ತಿತ್ತು. ಕುತ್ತಿಗೆ ಬೆನ್ನಿಗೆ ಸೇರುವ ಕಡೆ ಇವರು ಬೆರಳಿಂದ ಕೆರೆಯುತ್ತಿದ್ದರು. ಕುದುರೆ ತುಟಿ ಅದುರಿಸುತ್ತ ಕತ್ತು ಬಳಸಿ ತಂದು ಇವರ ಎಡ ಭುಜವನ್ನು ಹಲ್ಲಿನಿಂದ ಮೆಲ್ಲಗೆ ಕೆರೆಯುತ್ತಿತ್ತು. ಕುದುರೆ ಕುದುರೆಗೆ ಹಾಗೆ ಮಾಡುತ್ತವಂತೆ. ಒಮ್ಮೊಮ್ಮೆ ಹುರುಪು ಜಾಸ್ತಿಯಾಗಿ ಕಚ್ಚಿಯೇ ಬಿಡುತ್ತಿತ್ತು. ಭುಜ ಕೆಂಪಗೆ ಮಾಡಿಕೊಂಡು ಬಂದ ಮಗನಿಗೆ ಅತ್ತೆ ಬೈಯುತ್ತ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. "ನಿಮ್ಮ ಮೇಲೆ ನನಗಿಂತ ಅದಕ್ಕೇ ಹಕ್ಕು ಜಾಸ್ತಿ" ಎಂದು ನಾನು ಕಾಡಿಸುತ್ತಿದ್ದೆ. ಇವರು ಹೋದ ಮೇಲೆ ನಾನು ಎಷ್ಟು ಕೆರೆದರೂ ಕುದುರೆ ಸುಮ್ಮನೆ ನಿಂತಿರುತ್ತಿತ್ತು. ನಾನೂ ಹಾಗೆಯೇ ಸುಮ್ಮನೆ ಕೆರೆಯುತ್ತಿದ್ದೆ. ಕೆಲಸಕ್ಕೆ ಕೆಲಸ.

ಗಾಯಗಳು ಒಣಗಿದವು. ಕುತ್ತಿಗೆಯ ಮೇಲೆ ಹಲ್ಲುಜ್ಜುವ ಬ್ರಷ್ಷಿನ ಹಾಗೆ ಗಿಡ್ಡ ಕೂದಲು ಎದ್ದು ನಿಂತವು. ಅಷ್ಟರಲ್ಲಿ ಕಾರ್ತೀಕ ಮುಗಿಯುತ್ತ ಬಂತು. ಆ ಗಿಡ್ಡ ಕೂದಲಿನ ಕುದುರೆ ಮೆರವಣಿಗೆಗೆ ಒಪ್ಪುವುದಿಲ್ಲ, ಹಾವೇರಿಯವನು ನಾಳೆ ನೋಡಲು ಬರುತ್ತಾನೆ ಎಂದು ಮೈದುನ ಹೇಳಿದ. ನಾನು ಅದಕ್ಕೂ ಹೂಂ ಎಂದೆ.

ಆ ಸಂಜೆ ಕೊಟ್ಟಿಗೆಗೆ ಹೋಗಿ ಪಂಚೆಯ ಲಾಡಿ ಬಿಗಿ ಮಾಡಿ, ಎಂದಿನಂತೆ ಕುತ್ತಿಗೆಯ ಬುಡ ಕೆರೆದೆ. ಕುದುರೆಯ ತುಟಿ ಅದುರಿತು. ಕತ್ತು ನಿಧಾನವಾಗಿ ಬಳಸಿ ಬಂತು. ನನ್ನ ಭುಜಕ್ಕೆ ಮೊದಲು ಬಿಸಿಯುಸಿರು ತಾಗಿತು, ಆಮೇಲೆ ಹಲ್ಲು. ಕೆರೆಯಿತು, ಕೆರೆಯಿತು, ಕಚ್ಚಿತು.

ನೋವಾಯಿತು. ಎಷ್ಟು ನೋವಾಯಿತೆಂದರೆ ಅಯ್ಯೋ ಎಂದು ಕೂಗಿಕೊಂಡೆ. ಇವರು ಸತ್ತ ಮೇಲೆ ನನ್ನ ಬಾಯಿಂದ ಬಂದ ಮೊದಲ ಕೂಗು ಅದು. ಅತ್ತೆ ಮಾತು ಬಿಟ್ಟಿದ್ದನ್ನೂ ಮರೆತು ಓಡಿಬಂದರು. ಸೆರಗು ಸರಿಸಿ ಭುಜ ನೋಡಿ, ಆ ಕೆಂಪು ಗುರುತಿನ ಮೇಲೆ ಅಂಗೈ ಇಟ್ಟರು.

"ಇಲ್ಲೇ" ಎಂದರು. "ಅವನಿಗೂ ಇಲ್ಲೇ ಕಚ್ತಿತ್ತು."

ಆಗ ನನಗೆ ಅಳು ಬಂತು. ಅತ್ತೆಯ ಹೆಗಲಿಗೆ ಹಣೆ ಒತ್ತಿ, ಕುದುರೆಯ ಕಾಲ ಬುಡದಲ್ಲೇ ಕೂತು ಅತ್ತುಬಿಟ್ಟೆ. ಅವರೂ ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಎದ್ದು, "ಹಾವೇರಿಯೋನಿಗೆ ಬರಬ್ಯಾಡ ಅಂತ ಫೋನ್ ಮಾಡೋ. ಕೂದ್ಲು ಬೆಳೀತಾವೆ" ಎಂದು ಮೈದುನನಿಗೆ ಕೂಗಿ ಹೇಳಿದರು.

ಬೆಳಿಗ್ಗೆ ಅವರು ನನ್ನ ಮಷಿನ್ನಿನ ಮೇಲೆ ಒಂದು ಜರಿಯಂಚಿನ ಪಂಚೆ ತಂದಿಟ್ಟರು. ನಮ್ಮ ಮದುವೆಯಲ್ಲಿ ಇವರು ಉಟ್ಟಿದ್ದು. ಅದನ್ನು ಅವರು ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. "ಬಾಲದ ಕಡೆ ಸಾಲದು. ಇದನ್ನೂ ಸೇರ್ಸು" ಎಂದರು.

ಕತ್ತರಿ ಹಿಡಿದು ಕೂತೆ. ಈ ಸಲ ಕೈ ಏಳಲಿಲ್ಲ. ಅತ್ತೆ ಪಂಚೆಯನ್ನು ನನ್ನ ಮಡಿಲಿಂದ ತೆಗೆದುಕೊಂಡು, ಅಂಚನ್ನು ತಾವೇ ಹಲ್ಲಿನಿಂದ ಕಚ್ಚಿ ಹರಿದರು.