ಅಂಕಮ್ಮ ಹೊಗೆಸೊಪ್ಪು ಬಿಟ್ಟ ವರ್ಷ

ಹೊಂಗನೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ನಮ್ಮವ್ವ ಅಂಕಮ್ಮನನ್ನು ಹೊಗಳದವರಿಲ್ಲ. ಗಂಡ ಸತ್ತ ಮೇಲೆ ಒಬ್ಬಳೇ ಹಿಪ್ಪುನೇರಳೆ ತೋಟ ಉಳಿಸಿಕೊಂಡಳು, ರೇಷ್ಮೆ ಹುಳು ಸಾಕಿ ಮಗಳ ಮದುವೆ ಮಾಡಿದಳು, ಗಟ್ಟಿಗಿತ್ತಿ ಅನ್ನುತ್ತಾರೆ. ಹೋದ ತಿಂಗಳು ಮಹಿಳಾ ಸಂಘದವರು ಶಾಲು ಹೊದಿಸಿದರು. ಫೋಟೋದಲ್ಲಿ ಅವಳ ಪಕ್ಕ ಹಲ್ಲು ಕಚ್ಚಿಕೊಂಡು ನಿಂತಿರುವವಳು ನಾನು, ಆ ಮಗಳು. ಆ ಹೊಗಳಿಕೆ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ತೋಟ ಹೇಗೆ ಉಳಿಯಿತು ಅಂತ ನನಗೆ ಗೊತ್ತು.

ಅಪ್ಪ ಸತ್ತದ್ದು ಎಂಬತ್ತೊಂದರ ಕಾರ್ತೀಕದಲ್ಲಿ. ಅಪ್ಪನ ಅಣ್ಣ ಮುನಿಶಾಮಯ್ಯ, ನನ್ನ ದೊಡ್ಡಪ್ಪ, ತಿಥಿಯ ಊಟ ಅರಗುವ ಮುಂಚೆಯೇ ತೋಟದ ಮಾತೆತ್ತಿದ. ಖಾತೆ ಇನ್ನೂ ಜಂಟಿಯಲ್ಲಿತ್ತು. ಹೆಂಗಸೊಬ್ಬಳ ಕೈಲಿ ಹುಳು ಸಾಕುವುದು ಆಗದ ಮಾತು, ತೋಟ ನನಗೆ ಬಿಡಲಿ, ತಾಯಿ ಮಗಳಿಗೆ ವರ್ಷಕ್ಕೆ ಬೇಕಾದ ರಾಗಿ ಹಾಕುತ್ತೇನೆ ಅಂದ. ಹಾಕುತ್ತಾನಂತೆ, ನಾವೇನು ಅವನ ಹಿತ್ತಿಲ ಕೋಳಿಗಳೇ? ಅವ್ವ ಭಾವನ ಎದುರು ನಿಂತು ಮಾತಾಡುವವಳಲ್ಲ. ಬಾಗಿಲ ಹಿಂದೆ ಸೆರಗು ಹೊದ್ದು ನಿಂತು ನನ್ನ ಬಾಯಲ್ಲಿ ಹೇಳಿಸಿದಳು: ಯುಗಾದಿ ಬೆಳೆ ಒಂದು ನೋಡಲಿ, ಅದು ಗೂಡು ಕಟ್ಟದೆ ಹೋದರೆ ತೋಟ ಬಿಟ್ಟುಕೊಡುತ್ತೇನೆ. ಊರ ಹಿರಿಯರು ಹಾಗೇ ಆಗಲಿ ಅಂದರು.

ಆ ಸಲ ತೋಟ ಚೆನ್ನಾಗಿ ಚಿಗುರಿತ್ತು. ಬೋಳು ಕಡ್ಡಿಗಳೆಲ್ಲ ಶಿವರಾತ್ರಿ ಹೊತ್ತಿಗೆ ಅಂಗೈಯಗಲ ಎಲೆ ಬಿಟ್ಟುಕೊಂಡಿದ್ದವು. ಬದುವಿನ ಮೇಲೆ ದೊಡ್ಡಪ್ಪನ ಪಾಲಿನ ಬಾದಾಮಿ ಮಾವಿನ ಮರ ಇತ್ತು, ತಾತ ನೆಟ್ಟದ್ದು. ಅದೂ ಮೈತುಂಬ ಹೂ ಬಿಟ್ಟಿತ್ತು. ವರ್ಷವೂ ದೊಡ್ಡಪ್ಪ ಜಿಗಿಹುಳಕ್ಕೆ ಅಂತ ಆ ಹೂವಿಗೆ ಔಷಧಿ ಹೊಡೆಯುವುದು, ಅದು ಗಾಳಿಗೆ ನಮ್ಮ ಸೊಪ್ಪಿನ ಮೇಲೆ ಬೀಳುವುದು, ಅದನ್ನು ತಿಂದ ಹುಳು ಸಾಯುವುದು, ಎರಡು ಮನೆಯವರು ಕಿತ್ತಾಡುವುದು ಇದ್ದದ್ದೇ.

ಹುಳು ಮೂರು ಜ್ವರ ದಾಟಿದವು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ತಲೆ ಎತ್ತಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೆಯದೂ ಕಳೆದು ಹುಳು ಬೆರಳುದ್ದ ಬೆಳೆದು ಬಕಬಕ ತಿನ್ನತೊಡಗಿದವು. ಎಡಗಡೆ ಸ್ಟ್ಯಾಂಡಿನ ತಟ್ಟೆಗಳಿಗೆ ಸೊಪ್ಪು ಹಾಕುವವಳು ಅವ್ವ, ಬಲಗಡೆಯವಕ್ಕೆ ನಾನು. ನನಗೆ ಆಗ ಹದಿನೇಳು. ಒಂದು ವಾರ ಇಬ್ಬರೂ ಕಣ್ಣು ಮುಚ್ಚಿರಲಿಲ್ಲ.

ಅವ್ವನಿಗೆ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಬೇಕೇ ಬೇಕು. ಹೊಗೆಸೊಪ್ಪಿನ ಘಾಟು ಹುಳಕ್ಕೆ ವಿಷ, ಇದು ನಮ್ಮೂರಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು. ಅದಕ್ಕೇ ಅವಳು ಜಗಲಿಯಲ್ಲಿ ಹಾಕಿಕೊಂಡು, ಬಾಯಿ ಮುಕ್ಕಳಿಸಿ, ಸೋಪಿನಲ್ಲಿ ಕೈ ತೊಳೆದೇ ಹುಳುಮನೆಗೆ ಬರುತ್ತಿದ್ದಳು. ಅವತ್ತು ಬೆಳಗ್ಗೆ ಮಾತ್ರ ಹೊಗೆಸೊಪ್ಪು ಅಂಗೈಯಲ್ಲಿಟ್ಟುಕೊಂಡೇ ಜಗಲಿಯಲ್ಲಿ ತೂಕಡಿಸುತ್ತಿದ್ದಳು. ಸೊಪ್ಪಿನ ಹೊತ್ತು ಮೀರಿತು ಅಂತ ನಾನೇ ಕೂಗಿದೆ. ದಡಬಡ ಎದ್ದು, ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ನೇರ ಒಳಗೆ ಬಂದಳು. ಒಂದೇ ಕುಕ್ಕೆಯ ಸೊಪ್ಪು, ಅವಳು ಆ ಕಡೆಗೆ ಹಾಕಿದಳು, ನಾನು ಈ ಕಡೆಗೆ.

ಮಧ್ಯಾಹ್ನದ ಹೊತ್ತಿಗೆ ಎಡಗಡೆಯ ಹುಳು ಕತ್ತು ಒದರುತ್ತ ಹಸಿರು ನೀರು ಕಾರತೊಡಗಿದವು. ಸಂಜೆಗೆ ಅಷ್ಟೂ ತಟ್ಟೆಯ ಹುಳು ಸತ್ತಿದ್ದವು. ಬಲಗಡೆಯ ಒಂದು ಹುಳವೂ ಸಾಯಲಿಲ್ಲ. ನಾನು ಅವ್ವನ ಕೈ ನೋಡಿದೆ. ಅವಳು ಬದುವಿನ ಕಡೆ ನೋಡಿ, ಮುನಿಶಾಮಯ್ಯ ಔಷಧಿ ಹೊಡೆದ ಅಂತ ಬಾಯಿ ಬಡಿದುಕೊಂಡಳು.

ಮಾರನೆಯ ದಿನ ಅರಳಿಕಟ್ಟೆಯಲ್ಲಿ ಹಿರಿಯರು ಕೂತಾಗ ಅವ್ವ ಸತ್ತ ಹುಳದ ತಟ್ಟೆಯನ್ನು ತಂದು ಅವರ ಕಾಲ ಬುಡಕ್ಕೆ ಸುರಿದಳು. ದೊಡ್ಡಪ್ಪ ಬೆವರುತ್ತಿದ್ದ.

"ತಮ್ಮನ ಮನೇಲಿ ಹುಳ ಐತೆ ಅಂತ ಈ ಸಲ ನಾನು ಪಂಪೇ ಮುಟ್ಟಿಲ್ಲ ಕಣ್ರಪ್ಪ. ಬೇಕಾರೆ ಬಂದು ಮರ ನೋಡಿ" ಅಂದ.

ಬದು ಹತ್ತು ನಿಮಿಷದ ದಾರಿ. ಬಿಸಿಲಿಗೆ ಒಬ್ಬರೂ ಏಳಲಿಲ್ಲ. ಅವ್ವ ಸೆರಗು ಸರಿಸಿ, ಜನ್ಮದಲ್ಲಿ ಮೊದಲ ಸಲ ಭಾವನ ಮುಖಕ್ಕೆ ಮುಖ ಕೊಟ್ಟು ಹೇಳಿದಳು: "ತೋಟ ಬೇಕು ಅಂದೋರು ನೀವು. ನೀವಲ್ದೆ ಇನ್ಯಾರು ಹೊಡೀತಾರೆ?"

ಹಿರಿಯ ದೊಡ್ಡಹನುಮಯ್ಯ ನನ್ನ ಕಡೆ ತಿರುಗಿ, ನೀನೇನು ಕಂಡೆ, ನಿಜ ಹೇಳು ಮಗ ಅಂದ. ಒಂದೇ ಕುಕ್ಕೆಯ ಸೊಪ್ಪು ಒಂದು ಕಡೆಯ ಹುಳುವನ್ನಷ್ಟೇ ಹೇಗೆ ಕೊಂದಿತು ಅಂತ ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಯಾರಿಗೂ ಅದು ಹೊಳೆಯಲಿಲ್ಲ. ದೊಡ್ಡಪ್ಪನ ರಾಗಿ ನೆನಪಾಯಿತು.

"ಔಷಧಿ ವಾಸ್ನೆ ಬಂತು" ಅಂದೆ.

ತೋಟ ಅವ್ವನದು ಅಂತ ತೀರ್ಮಾನವಾಯಿತು. ಜಗಳದ ಬೇರೇ ಇರಬಾರದು, ಮರವನ್ನು ಮುನಿಶಾಮಯ್ಯ ತನ್ನ ಕೈಯಾರೆ ಕಡಿಯಬೇಕು ಅಂದರು. ಯುಗಾದಿಯ ಹಿಂದಿನ ದಿನ ಕಡಿದ. ಗೋಲಿ ಗಾತ್ರದ ಮಿಡಿಗಳು ನಮ್ಮ ತೋಟದ ತುಂಬ ಉದುರಿದವು. ನಾನು ಸೊಪ್ಪು ಕೊಯ್ಯುತ್ತಿದ್ದೆ. ಅವನು ಒಂದು ಹೂಗೊಂಚಲು ಮುರಿದು ನನ್ನ ಮುಂದೆ ಹಿಡಿದ. ಜಿಗಿಹುಳ ಮುತ್ತಿ ಮಸಿ ಬಳಿದ ಹಾಗೆ ಕಪ್ಪಗಿತ್ತು.

"ಔಷಧಿ ಕಂಡಿರೋ ಹೂವಾ ಮಗ ಇದು?" ಅಂದ.

ನಾನು ಕುಕ್ಕೆ ಎತ್ತಿಕೊಂಡು ಹುಳುಮನೆಗೆ ನಡೆದೆ. ಸಾಯುವವರೆಗೂ ಅವನು ನಮ್ಮ ಹೊಸ್ತಿಲು ತುಳಿಯಲಿಲ್ಲ. ತೋಟಕ್ಕೆ ಆಸೆ ಬಿದ್ದವನೇ, ಒಳ್ಳೆಯವನು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಔಷಧಿಯನ್ನು ಮಾತ್ರ ಅವನು ಹೊಡೆದಿರಲಿಲ್ಲ.

ಈ ವಿಷಯ ನನ್ನೊಬ್ಬಳಿಗೇ ಗೊತ್ತು, ಅವ್ವ ಪಾಪ ನಂಬಿಯೇ ಹಾಗಂದಳು ಅಂತ ಇಷ್ಟು ವರ್ಷ ಎದೆಯಲ್ಲಿ ಬಚ್ಚಿಟ್ಟುಕೊಂಡು ಬೆಂದೆ. ಶಾಲು ಹೊದಿಸಿದ ದಿನ ಆ ಕಾಲದಲ್ಲೇ ಊರು ಬಿಟ್ಟಿದ್ದ ಪಕ್ಕದ ಮನೆಯ ಬೋರಮ್ಮ ಎಲೆ ಅಡಿಕೆ ತಟ್ಟೆ ತಂದು, ಒಸಿ ಹೊಗೆಸೊಪ್ಪು ಹಾಕ್ಕೊ ಅಂತ ಅವ್ವನ ಮುಂದೆ ಹಿಡಿದಳು. ಅವ್ವ ಕೈ ಅಡ್ಡ ಹಿಡಿದಳು. ಯಾವಾಗ ಬಿಟ್ಟೆ ಅಂತ ಬೋರಮ್ಮ ಕೇಳಿದ್ದಕ್ಕೆ, ಹುಳ ಸತ್ತ ಸಂಜೆಯೇ ಚೀಲ ಸಮೇತ ಒಲೆಗೆ ಹಾಕಿದೆ ಅಂದಳು. ಹಲ್ಲುನೋವಿಗೆ ಬಿಟ್ಟೆ ಅಂತ ನನಗೆ ಹೇಳಿದ್ದವಳು.

ಹುಳ ಸತ್ತ ಸಂಜೆ ಅಂದರೆ ಅರಳಿಕಟ್ಟೆಗೆ ಹೋಗುವ ಮುಂಚೆ. ಬೋರಮ್ಮ ಎದ್ದು ಹೋಗುವುದನ್ನೇ ಕಾದು ಕೇಳಿದೆ. "ಗೊತ್ತಿತ್ತಾ ಅವ್ವ ನಿಂಗೆ?"

ಅವ್ವ ಶಾಲು ಮಡಿಸುತ್ತಿದ್ದಳು.

"ಗೊತ್ತಿತ್ತು. ನಿಂಗೊತ್ತಿಲ್ಲ ಅನ್ಕೊಂಡಿದ್ದೆ. ಇಲ್ಲದ ವಾಸ್ನೆ ಬಂತು ಅಂದ್ಯಲ್ಲ, ನಿಂಗೂ ಗೊತ್ತು ಅಂತ ಆಗ ಧೈರ್ಯ ಬಂತು" ಅಂದಳು. ಶಾಲನ್ನು ಪೆಟ್ಟಿಗೆಯಲ್ಲಿಟ್ಟು ತೋಟಕ್ಕೆ ಹೋದಳು.