ಹೊಬಾರ್ಟ್ ಎಳೆದ ಗೆರೆಗಳು

ಅಮೆರಿಕದ ವರ್ಮಾಂಟ್ ರಾಜ್ಯದ ಆ ಹೊಳೆದಂಡೆಯ ಊರಿನಲ್ಲಿ ಪಂಚಾಯ್ತಿ ಅಧ್ಯಕ್ಷನಾಗಿಯೇ ತಲೆ ನರೆಸಿಕೊಂಡದ್ದು ಹೊಬಾರ್ಟನ ಒಂದು ಸಾಧನೆ. ಇನ್ನೊಂದು, ಗೆರೆ ಎಳೆದದ್ದು. ಹೊಳೆ ಉಕ್ಕಿದಾಗಲೆಲ್ಲ ನೀರು ಎಲ್ಲಿಯವರೆಗೆ ಬಂತೆಂದು ಪುರಭವನದ ಗೋಡೆಗೆ ಕೆಂಪು ಗೆರೆ ಎಳೆದು ಇಸವಿ ಬರೆಯುವುದು ಅಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಅಜ್ಜಂದಿರು ಇಡೀ ಆಯುಸ್ಸಿನಲ್ಲಿ ಒಂದೆರಡು ಸಲ ಕುಂಚ ಹಿಡಿದಿದ್ದರು. ಹೊಬಾರ್ಟನ ಕುಂಚಕ್ಕೆ ಒಣಗಲೂ ಪುರುಸೊತ್ತಿಲ್ಲ. ಪ್ರತಿ ಸಲವೂ ಟೈ ಕಟ್ಟಿಕೊಂಡು ಬರುತ್ತಾನೆ, "ನಾವು ಇದಕ್ಕೆಲ್ಲ ಜಗ್ಗೋ ಜನ ಅಲ್ಲ" ಎಂದು ಭಾಷಣ ಬಿಗಿಯುತ್ತಾನೆ, ಫೋಟೋಗೆ ಹಲ್ಲು ಕಿರಿಯುತ್ತಾನೆ. ರಸ್ತೆಯಡಿ ಹೊಳೆ ಹಾಯುವ ಇಕ್ಕಟ್ಟು ಮೋರಿ ಮಾತ್ರ ಅಜ್ಜಂದಿರು ಕಟ್ಟಿಸಿದಂತೆಯೇ ಇದೆ.

ಈ ಸಲದ ಜುಲೈ ನೆರೆ ಪುರಭವನದ ಬಾಗಿಲನ್ನೇ ಮುಳುಗಿಸಿ ಇಳಿಯಿತು. ಗೆರೆ ಎಳೆಯಲು ಹೊಬಾರ್ಟನಿಗೆ ಕೈ ಎಟುಕಲಿಲ್ಲ. ಅಡುಗೆಮನೆಯ ಕೆಸರು ಬಾಚುತ್ತಿದ್ದ ಎದುರುಮನೆಯ ಯೂನಿಸ್ ಸಲಿಕೆ ಹಿಡಿದುಕೊಂಡೇ ಬಂದಳು.

"ಮೋರಿ ದೊಡ್ಡದು ಮಾಡ್ಸೋ ಅಂತ ಬಾಯಿ ಬಡ್ಕೊಂಡೆ. ನೀನು ಗೋಡೆಗೆ ಬಣ್ಣ ಬಳೀತಾ ಕೂತೆ!"

"ಮಳೆ ನನ್ನ ಕೈಲಿದ್ಯಾ ಯೂನಿಸ್?"

"ಮಳೆ ಇಲ್ಲ ಮಾರಾಯ, ಮೋರಿ ಇತ್ತಲ್ಲ!"

ಮಾತು ನಾಟಿತೆಂದೇ ಅವಳು ತಿಳಿದಳು. ಮುಂದಿನ ಮಾರ್ಚಿನಲ್ಲಿ ಇಡೀ ಊರು ಸಭೆ ಸೇರಿದಾಗ ಹೊಬಾರ್ಟ್ ಎದ್ದು ನಿಂತು, ಕಾಲ ಬದಲಾಗಿದೆ, ಪಂಚಾಯ್ತಿಯೂ ಬದಲಾಗಬೇಕು ಎಂದ. ಯೂನಿಸ್ ಕಿವಿ ನೆಟ್ಟಗೆ ಮಾಡಿಕೊಂಡಳು. ಅವನು ಗಂಟಲು ಸರಿಪಡಿಸಿಕೊಂಡು, ಪಂಚಾಯ್ತಿಗೆ ಉದ್ದನೆಯದೊಂದು ಏಣಿ ಕೊಳ್ಳಬೇಕೆಂದು ಸೂಚಿಸಿದ.

ಪಕ್ಕದ ಕೋಣೆಯಲ್ಲಿ ಸಭೆಯ ಊಟ ಆರುತ್ತಿತ್ತು. ಅವಳದೊಂದನ್ನು ಬಿಟ್ಟು ಉಳಿದ ಕೈಗಳೆಲ್ಲ ಮೇಲೆದ್ದವು.